‘ಮನೆದೇವರು ಯಾವುದು?’

ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದು ಆಮಂತ್ರಣ ಬಂತು. ಹೊಸದಾಗಿ ಎಚ್‌ಆರ್ ಕೆಲಸಕ್ಕೆ ಸೇರಿದವರಿಗೆ ನಾನು ‘ನೇಮಕಾತಿಯಲ್ಲಿ ನ್ಯಾಯ’ ಎಂಬ ವಿಷಯದ ಮೇಲೆ ಮಾತಾಡಬೇಕಂತೆ. ನನ್ನ ಹಳೆಯ ಫೋಟೊ ಹಾಕಿ, ಪಕ್ಕದಲ್ಲಿ ಒಂದು ತಕ್ಕಡಿಯನ್ನೂ ಅಂಟಿಸಿದ್ದಾರೆ. ನೋಡಿ ಮೈ ಉರಿಯಿತು. ಯಾರ ಮೇಲೆ ಎಂದು ಕೇಳಬೇಡಿ, ಫೋಟೊದಲ್ಲಿದ್ದವಳ ಮೇಲೆಯೇ.

ಜೆ.ಪಿ. ನಗರದಲ್ಲಿ ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ನಾನು ಎಚ್‌ಆರ್ ಆಗಿದ್ದೆ. ಎಚ್‌ಆರ್ ಎಂದರೆ ಸಂದರ್ಶನ, ರಜೆ, ಹುಟ್ಟುಹಬ್ಬದ ಕೇಕು, ಟಾಯ್ಲೆಟ್ಟಿನ ಬೀಗದ ಕೈ, ಎಲ್ಲವೂ. ಸಂದರ್ಶನಕ್ಕೆ ಬಂದವರು ಬಿಗಿದುಕೊಂಡು ಕೂತಿರುತ್ತಾರಲ್ಲ, ಅವರು ಸ್ವಲ್ಪ ಸಡಿಲವಾಗಲಿ ಎಂದು ನಾನೇ ಒಂದು ಪ್ರಶ್ನೆ ಸೇರಿಸಿದ್ದೆ: ‘ನಿಮ್ಮ ಮನೆದೇವರು ಯಾವುದು?’ ದೇವರ ಹೆಸರು ಹೇಳುತ್ತಲೇ ಬಂದವರ ಮುಖ ಅರಳುತ್ತಿತ್ತು, ಮಾಲೀಕರ ಮುಖವೂ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಆ ಉತ್ತರ ಹಿಡಿದು ಮಾಲೀಕರು ಬಂದವರ ಜಾತಿ ತಿಳಿದುಕೊಳ್ಳುತ್ತಿದ್ದರು ಎಂಬುದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಅರ್ಧ ಸುಳ್ಳೇ.

ಲಿಫ್ಟಿನಲ್ಲಿ ಸಿಕ್ಕಿಬಿದ್ದವರ ಫೋನ್ ತೆಗೆದುಕೊಳ್ಳುವ ಕೆಲಸಕ್ಕೆ ಹನುಮಂತನಗರದಿಂದ ಒಬ್ಬ ಹುಡುಗಿ ಬಂದಳು. ತಂದೆ ಇಲ್ಲ, ಅಮ್ಮನ ಕೈಲಾಗುತ್ತಿಲ್ಲ, ಮನೆ ನಡೆಯಬೇಕಾದದ್ದು ಇವಳಿಂದ. ಪರೀಕ್ಷೆಗೆಂದು ನಾನು ಪಕ್ಕದ ಕೋಣೆಯಿಂದ ಫೋನ್ ಮಾಡಿ, ಸಿಕ್ಕಿಬಿದ್ದ ಹೆಂಗಸಿನಂತೆ ಕಿರುಚಿದೆ. ನನ್ನ ನಟನೆಗೆ ಎದುರು ಆಫೀಸಿನವರು ಓಡಿ ಬಂದರು. ಅವಳು ಮಾತ್ರ ಗಾಬರಿಯಾಗಲಿಲ್ಲ.

“ಆಂಟಿ, ಬಾಗ್ಲಿಗೆ ಒರಗ್ಬೇಡಿ. ಹುಡುಗ್ರು ಹೊರಟಿದ್ದಾರೆ. ಅವ್ರು ಬರೋ ತನಕ ನಾನು ಲೈನಲ್ಲೇ ಇರ್ತೀನಿ.”

ಇದಕ್ಕಿಂತ ಇನ್ನೇನು ಬೇಕು? ಮಾಲೀಕರೂ ತಲೆದೂಗಿದರು. ಆಮೇಲೆ ನನ್ನ ಪಟ್ಟಿಯ ಆ ಪ್ರಶ್ನೆ ಕೇಳಿದರು.

“ನಮ್ಗೆ ಮನೆದೇವ್ರಿಲ್ಲ ಸಾರ್. ನಾವು ಬೌದ್ಧರು.”

ದಲಿತಳೆಂದು ತಿಳಿಯಲು ಅವರಿಗೆ ಅಷ್ಟು ಸಾಕಾಯಿತು. ಅವಳು ಹೋದ ಮೇಲೆ ಗಂಟಲು ಸರಿಮಾಡಿಕೊಂಡರು. “ಹುಡುಗಿ ಚುರುಕಾಗವ್ಳೆ ಮೇಡಂ. ಆದ್ರೆ ಮಧ್ಯಾಹ್ನ ಎಲ್ರೂ ಒಟ್ಟಿಗೆ ಕೂತು ಊಟ ಮಾಡ್ತೀವಲ್ಲ... ಸೆಟ್ ಆಗಲ್ಲ ಬಿಡಿ.”

ನಾನು ಜಗಳವಾಡಿದೆ ಎಂದುಕೊಂಡಿರಾ? ‘ಸೆಟ್ ಆಗಲ್ಲ’ ಎಂಬುದನ್ನು ‘ಕಲ್ಚರ್ ಫಿಟ್ ಇಲ್ಲ’ ಎಂದು ತಿದ್ದಿ ಫೈಲಿಗೆ ಹಾಕಿದೆ. ಬೇರೆಯವರು ಸಿಕ್ಕಿದರೆಂದು ಅವಳಿಗೆ ಫೋನಿನಲ್ಲಿ ಹೇಳಿದೆ.

“ಮೇಡಂ, ನಾನು ಟೆಸ್ಟಲ್ಲಿ ಫೇಲಾ? ಅಷ್ಟು ಹೇಳಿ ಸಾಕು. ಅಮ್ಮ ಕೇಳ್ತಾರೆ.”

“ಹಲೋ? ಹಲೋ? ಕೇಳಿಸ್ತಿಲ್ಲಮ್ಮ,” ಎಂದು ಫೋನ್ ಇಟ್ಟೆ. ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದೇ ನಂಬರಿನಿಂದ ಮತ್ತೆ ಎರಡು ಸಲ ಕರೆ ಬಂತು, ತೆಗೆಯಲಿಲ್ಲ. ಇಷ್ಟು ವರ್ಷವಾದರೂ ನೆನೆದರೆ ನಾಚಿಕೆಯಾಗುತ್ತದೆ, ಸ್ವಾಮಿ.

ಹಾಗಾಗಿ ಇವತ್ತು ಸಂಘಟಕರಿಗೆ ನಾನೇ ಫೋನ್ ಮಾಡಿ ನಡೆದದ್ದನ್ನು ತಿಳಿಸಿ, ಭಾಷಣದಲ್ಲಿ ಈ ಹುಡುಗಿಯ ವಿಷಯವನ್ನೇ ಹೇಳುತ್ತೇನೆ, ಬೇರೇನೂ ಇಲ್ಲ ಎಂದೆ.

“ಅಯ್ಯೋ, ಜಾತಿ ಗೀತಿ ಎಲ್ಲ ಯಾಕೆ ಮೇಡಂ? ಸ್ವಲ್ಪ ಪಾಸಿಟಿವ್ ಆಗಿ...”

“ಇದೇ ಹೇಳೋದು. ಪ್ರಶ್ನೆ ಬರೆದೋಳು ನಾನೇ ಅಂತಾನೂ ಹೇಳ್ತೀನಿ.”

ಆ ಕಡೆಯವರು ಬಹಳ ಮರ್ಯಾದೆಯಿಂದ, “ಡಿಸ್ಕಸ್ ಮಾಡಿ ನಾವೇ ಫೋನ್ ಮಾಡ್ತೀವಿ ಮೇಡಂ,” ಎಂದರು.

ಆ ಮಾತಿನ ಅರ್ಥ ನನಗೆ ಗೊತ್ತಿಲ್ಲವೇ? ಎಷ್ಟು ಜನರಿಗೆ ಹೇಳಿದ್ದೇನೆ!