ಅಧ್ಯಕ್ಷರ ಪ್ಯಾಂಟನ್ನೇ ಕೇಳಿದ ಅಕ್ಕನವರು

ಮನೆಯಿಲ್ಲದವರಿಗೆ ರಾತ್ರಿ ಮಲಗಲು ಜಾಗ ಕೊಡುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಆದರೆ ಬೆಳಗಾದ ಮೇಲೆ ಅವರು ಎಲ್ಲಿ ಕೂರಬೇಕು, ಎಲ್ಲಿ ಮೈ ತೊಳೆಯಬೇಕು ಎಂದು ತಲೆ ಕೆಡಿಸಿಕೊಂಡವರು ವಿರಳ. ಆ ವಿರಳರಲ್ಲಿ ಅಗ್ರಗಣ್ಯರು, ಇದೀಗ ನಿವೃತ್ತರಾಗುತ್ತಿರುವ ನಮ್ಮ ಹಗಲು ಕೇಂದ್ರದ ಮೇಲ್ವಿಚಾರಕಿ, ಸರ್ವರ ಪಾಲಿನ ಅಕ್ಕನವರು. ಅವರನ್ನು ತಾಳ್ಮೆಯ ಮೂರ್ತಿಯೆಂದು ಈ ಬೀಳ್ಕೊಡುಗೆ ಸಂಪುಟದಲ್ಲಿ ಅನೇಕರು ಬರೆದಾರು. ಅದು ಶುದ್ಧ ಸುಳ್ಳು. ಅಕ್ಕನವರು ಬೆಳಗ್ಗೆ ಬೀಗ ತೆಗೆಯುವಾಗಲೇ ಗೊಣಗುತ್ತಿದ್ದರು: ಸೋರುವ ನಲ್ಲಿಯ ಮೇಲೆ, ಇದ್ದ ಒಂದೇ ವಾಷಿಂಗ್ ಮಷೀನಿನ ಮೇಲೆ, ದಾನವೆಂದು ಬಂದು ಬೀಳುವ ಹೈಹೀಲ್ಡ್ ಚಪ್ಪಲಿಗಳ ಮೂಟೆಯ ಮೇಲೆ.

ಸೇವೆಗೆ ಸೇರಿದ ಹೊಸದರಲ್ಲಿ ಅವರೇ ಒಂದು ಕಟ್ಟಳೆ ಮಾಡಿದ್ದರು: ಬಂದವರ ಬಟ್ಟೆ ಮೊದಲು ಒಗೆಯಬೇಕು, ಪ್ರಶ್ನೆಗಳೆಲ್ಲ ಆಮೇಲೆ. ವರ್ಷಗಳು ಉರುಳಿದಂತೆ ಅದು ಕೇಂದ್ರದಲ್ಲಿ ಬಟ್ಟೆ ಒಗೆಯುವ ಚಿಕ್ಕಮ್ಮನ ಕೈಗೆ ಎಷ್ಟು ರೂಢಿಯಾಯಿತೆಂದರೆ, ಗೂಟದಲ್ಲಿ ಏನು ತೂಗಿದರೂ ಅದು ಮಷೀನಿನ ಹೊಟ್ಟೆ ಸೇರುತ್ತಿತ್ತು.

ಹೀಗಿರಲು, ಬಹುಕಾಲ ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದ ಉದ್ದಣ್ಣನಿಗೆ ಗೋದಾಮಿನ ಕಾವಲು ಕೆಲಸದ ಸಂದರ್ಶನಕ್ಕೆ ಕರೆ ಬಂತು. ಕೆಲಸ ಸಿಕ್ಕರೆ ಜೊತೆಗೊಂದು ಕೋಣೆ. ತಪ್ಪಿದರೆ ಮತ್ತೆ ಅದೇ ಬೆಂಚು. ಅವನು ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದರೆ, ಇಸ್ತ್ರಿ ಮಾಡಿ ತೂಗುಹಾಕಿದ್ದ ಪ್ಯಾಂಟು ಮಷೀನಿನ ಗಾಜಿನ ಹಿಂದೆ ನೊರೆಯಲ್ಲಿ ಗಿರಗಿರನೆ ಸುತ್ತುತ್ತಿತ್ತು.

"ಒಳ್ಳೇದಕ್ಕೇ ಹಾಕಿದೆ ಅಕ್ಕ, ಘಮ್ ಅಂತ ಹೋಗ್ಲಿ ಅಂತ," ಎಂದರು ಚಿಕ್ಕಮ್ಮ.

"ನಿನ್ನ ಒಳ್ಳೇತನಕ್ಕೇ ತಾಯಿ, ನನ್ನ ತಲೆ ನರೆತಿರೋದು."

ದಾನದ ಮೂಟೆಯ ಪ್ಯಾಂಟುಗಳು ಅವನ ಮೊಣಕಾಲಿನಿಂದ ಕೆಳಗಿಳಿಯಲು ಒಪ್ಪಲಿಲ್ಲ. ಅಷ್ಟರಲ್ಲಿ ಅಕ್ಕನವರ ದೃಷ್ಟಿ ಆಫೀಸಿನಲ್ಲಿ ಟೀ ಕುಡಿಯುತ್ತಿದ್ದ ಸಮಿತಿಯ ಅಧ್ಯಕ್ಷರ ಮೇಲೆ ಬಿತ್ತು. ಖರ್ಚು ತಗ್ಗಿಸುವ ಬಗ್ಗೆ ಉಪದೇಶಿಸಲು ದಯಮಾಡಿಸಿದ್ದ ಆ ಮಹನೀಯರು ಎತ್ತರದಲ್ಲಿ ಉದ್ದಣ್ಣನಿಗೆ ಸರಿಜೋಡಿ.

"ಸರ್, ನಿಮ್ಮ ಪ್ಯಾಂಟು ಬಿಚ್ಚಿಕೊಡಿ."

"ಅಕ್ಕಾವ್ರೇ, ನಾನು ಈ ಸಂಸ್ಥೆಯ ಅಧ್ಯಕ್ಷ."

"ಗೊತ್ತು ಸರ್. ಅದಕ್ಕೇ ಇಸ್ತ್ರಿ ಚೆನ್ನಾಗಿದೆ. ಬೇಗ, ಇವನಿಗೆ ಹೊತ್ತಾಯ್ತು."

ಅಧ್ಯಕ್ಷರು ಕೇಂದ್ರದ ಕಂಬಳಿ ಸುತ್ತಿಕೊಂಡು ಮಿತವ್ಯಯದ ಮಹತ್ವವನ್ನು ಸವಿಸ್ತಾರವಾಗಿ ವಿವರಿಸಿದರು. ಅಡುಗೆಯವರು ನಗಲು ಉಗ್ರಾಣಕ್ಕೆ ಹೋಗಬೇಕಾಯಿತು.

ಉದ್ದಣ್ಣನಿಗೆ ಕೆಲಸ ಸಿಕ್ಕಿತು, ಕೋಣೆಯೂ ಸಿಕ್ಕಿತು. ಮುಂದಿನ ವಾರ ಅಕ್ಕನವರು ಬೆಳಗ್ಗೆ ಬಂದು ನೋಡಿದರೆ, ಮೆಟ್ಟಿಲ ಮೇಲೆ ಅವನೇ ಕೂತಿದ್ದ.

"ನಿನಗೊಂದು ಕೋಣೆ ಆಗ್ಲಿ ಅಂತ ಅಧ್ಯಕ್ಷರ ಮಾನ ಕಳೆದೆ. ಮತ್ತೆ ಇಲ್ಲಿಗ್ಯಾಕೆ ಬಂದ್ಯೋ?"

"ಅಲ್ಲಿ ಬೈಯೋರು ಯಾರೂ ಇಲ್ಲ, ಅಕ್ಕ."

ಅಕ್ಕನವರು ಬೀಗ ತೆಗೆದರು. ಆಮೇಲೆ, ಬಾಗಿಲಿಗೆ ಅಡ್ಡ ಕೂತದ್ದಕ್ಕೆ ಅವನನ್ನು ಚೆನ್ನಾಗಿ ಬೈದು ಒಳಗೆ ಕರೆದು ಟೀ ಕೊಟ್ಟರು.

ಹೊಸ ಮೇಲ್ವಿಚಾರಕರು ಬಲು ಮೃದುಭಾಷಿಗಳೆಂದು ಕೇಳಿದ್ದೇವೆ. ನಮಗಿರುವ ಚಿಂತೆಯೇ ಅದು. ಅಕ್ಕನವರಿಗೆ ದೀರ್ಘಾಯುಸ್ಸಿರಲಿ, ಗಂಟಲು ಗಟ್ಟಿಯಾಗಿರಲಿ. ಮನೆಯಲ್ಲಿ ಬೈಯಲು ಯಾರೂ ಸಿಗದ ದಿನ ಇತ್ತ ದಯಮಾಡಿಸಲಿ. ಉದ್ದಣ್ಣ ಈಗಲೂ ಬಾಗಿಲಿಗೆ ಅಡ್ಡವಾಗಿಯೇ ಕೂರುತ್ತಾನೆ.