ಮೆಹರ್ ಆಪಾ ಕೊಟ್ಟ ಶಾಬಾಶ್

ಮೆಹರ್ ಆಪಾ ಬೈಯುವಾಗ ದನಿ ಏರಿಸುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸುತ್ತಿದ್ದರು. ಇಂದಿರಾನಗರದ ನಮ್ಮ ಕ್ಯಾನ್ಸರ್ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಶಿವಾಜಿನಗರದಿಂದ ಬಂದು, ಬುರ್ಖಾ ಕಳಚಿ ಬಿಳಿ ಕೋಟು ತೊಟ್ಟರೆ ಪಿಎಚ್‌ಡಿ ಮಾಡುವ ನಮಗೆಲ್ಲ ಗ್ರಹಚಾರ. ನಾನು ಬೆಳೆಸಿದ ಜೀವಕೋಶಗಳು ಸತ್ತ ದಿನ ಎಲ್ಲರೆದುರು ಅಂದರು: "ಔಷಧಿಗಲ್ಲಮ್ಮಾ, ನಿನ್ನ ಕೈಗುಣಕ್ಕೆ ಸತ್ತಿದಾವೆ."

ಕ್ಯಾನ್ಸರ್ ಕೋಶಗಳು ತಮ್ಮನ್ನು ಅಂಕೆಯಲ್ಲಿಡುವ ಜೀನುಗಳಿಗೆ ಬೀಗ ಜಡಿದಿರುತ್ತವೆ. ಅರಿಶಿನದ ಕರ್ಕ್ಯುಮಿನ್ ಆ ಬೀಗ ತೆಗೆಯುತ್ತದೆಯೇ ಎಂದು ನಾನು ಹುಡುಕುತ್ತಿದ್ದೆ. ಜೀನು ಎಚ್ಚೆತ್ತರೆ ಕೋಶ ಹಸಿರಾಗಿ ಹೊಳೆಯುವ ಏರ್ಪಾಡಿತ್ತು. ಆದರೆ ಕರ್ಕ್ಯುಮಿನ್ನೂ ತಾನಾಗಿ ಹೊಳೆಯುತ್ತದೆ. ಹಾಗಾಗಿ ಕೋಶ ಬೆಳೆಸುವ ಪ್ಲೇಟಿನ ಕೆಲವು ಗುಂಡಿಗಳಿಗೆ ಕೋಶವಿಲ್ಲದೆ ಬರೀ ಅದನ್ನೇ ಹಾಕಿ, ಆ ಹೊಳಪನ್ನು ಅಳೆದು ಒಟ್ಟು ಲೆಕ್ಕದಿಂದ ಕಳೆಯಬೇಕು. ನಾನೊಮ್ಮೆ ಮರೆತಾಗ ಆಪಾ ವಾರದ ಕೆಲಸವನ್ನೆಲ್ಲ ಕಸಕ್ಕೆಸೆದರು. "ಅಳು. ಅತ್ರೆ ನೆನಪಿರತ್ತೆ."

ಆಮೇಲೆ ಅವರಿಗೇ ಸ್ತನದ ಕ್ಯಾನ್ಸರ್ ಬಂತು, ಕೀಮೋಗೆಂದು ರಜೆ ಹಾಕಿದರು. ಕೇಳುವವರಿಲ್ಲವೆಂದು ನಾನು ಆ ಗುಂಡಿಗಳನ್ನು ಬಿಟ್ಟೇ ಪ್ಲೇಟು ಹಾಕಿದೆ. ಎಲ್ಲವೂ ಹಸಿರೋ ಹಸಿರು! ಅವರ ಬಾಯಿಂದ ಒಂದು ಒಳ್ಳೆಯ ಮಾತು ಬರಲೆಂದು ಫೋಟೋ ಕಳಿಸಿದೆ. ಕೂಡಲೇ ಅವರ ಫೋನ್ ಬಂತು.

"ಖಾಲಿ ಗುಂಡಿ ಲೆಕ್ಕ ಕಳೆದಿದ್ದೀಯಾ?"

"ಹೂಂ ಆಪಾ."

"ಶಾಬಾಶ್," ಎಂದರು, ಮೊದಲ ಬಾರಿಗೆ.

ತಿಂಗಳ ನಂತರ ಸರಿಯಾಗಿ ಅಳೆದೆ. ಹೊಳಪೆಲ್ಲ ಕರ್ಕ್ಯುಮಿನ್ನಿನದೇ. ಅದೇ ವಾರ ಅವರ ಮಗಳು ಸಲ್ಮಾ ಫೋನ್ ಮಾಡಿದಳು: "ಅಮ್ಮಿ ಕೀಮೋ ಬಿಟ್ಬಿಟ್ಟಿದಾರೆ ಅಕ್ಕಾ. ನಿಮ್ಮ ಫೋಟೋ ತೋರಿಸಿ, ಅರಿಶಿನದ ಮಾತ್ರೆ ಸಾಕು ಅಂತಾರೆ." ಪ್ಲೇಟಿನಲ್ಲಿ ಆದದ್ದು ಮೈಯಲ್ಲಿ ಆಗುವುದಿಲ್ಲವೆಂದು ನಮಗೆ ಕಲಿಸಿದವರೇ ಆಪಾ. ಆದರೆ ಕೀಮೋದಿಂದ ವಾಂತಿ ಮಾಡಿ ಮಾಡಿ ಸೋತಿದ್ದರು, ನಂಬಲು ಏನಾದರೂ ಬೇಕಿತ್ತು. ಆರು ವಾರ ನಾನು ಅತ್ತ ಸುಳಿಯಲಿಲ್ಲ. ಬೈತಾರೆ ಅನ್ನುವ ಭಯ, ಅಷ್ಟೇ. ಬೇರೆ ನೆಪ ನನ್ನಲ್ಲಿಲ್ಲ.

ಕೊನೆಗೆ ಹೋಗಿ ಎಲ್ಲ ಹೇಳಿದೆ. ಆಪಾ ಕನ್ನಡಕ ತೆಗೆದು ಮಡಚಿಟ್ಟರು. "ಕೀಮೋ ಬಿಡ್ಬೇಡಿ ಅಂತ ಸಲ್ಮಾ ಕಾಲು ಹಿಡ್ಕೊಂಡ್ಲು. ಕಪಾಳಕ್ಕೆ ಹೊಡ್ದೆ. ಆ ಹಸಿರು ಸುಳ್ಳು ಅಂತ ಅವಳಿಗೆ ಗೊತ್ತಾಗ್ಬಾರ್ದು." ಮರುದಿನವೇ ಆಸ್ಪತ್ರೆಗೆ ಮರಳಿದರು. ಗಡ್ಡೆ ಲಿವರಿಗೆ ಹರಡಿತ್ತು.

ಅವರು ತೀರಿಕೊಂಡ ಮೂರನೆಯ ದಿನ ಮನೆಗೆ ಹೋದೆ. ಸಲ್ಮಾ ನನ್ನ ಕೈ ಹಿಡಿದುಕೊಂಡಳು. "ನಾನು ಸುಮ್ಸುಮ್ನೆ ಜಗಳ ಆಡ್ದೆ ಅಕ್ಕಾ. ನಿಮ್ಮ ಮಾತ್ರೆಯಿಂದ್ಲೇ ಇಷ್ಟು ದಿನ ಇದ್ದೀನಿ ಅಂತ ಅಮ್ಮಿನೇ ಹೇಳಿದ್ರು." ಒಳಗೆ ಹೋಗಿ ಮಿಕ್ಕ ಮಾತ್ರೆಗಳ ನಾಲ್ಕು ಡಬ್ಬಿ ತಂದಳು. "ಸೀಲ್ ಒಡೆದಿಲ್ಲ. ಪಾಪ, ಯಾರಿಗಾದ್ರೂ ಕೊಡಿ."

ಎರಡೂ ಕೈ ಚಾಚಿ ಇಸಿದುಕೊಂಡೆ.