ಕಂಬಕ್ಕೆ ಕಿವಿಗೊಡುತ್ತಿದ್ದ ದೋಸೆಯವರು

ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕಂಬ ಕಿರುಗುಟ್ಟಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನ ಹಳೇಪೇಟೆಗೆ ಹೋಗುತ್ತಿದ್ದುದು ಕೆತ್ತನೆಯ ಮರದ ಕಂಬಗಳನ್ನು ನೋಡಲು. ಅಂಥ ಕಂಬವಿದ್ದ ಒಂದು ಮನೆಯ ಜಗಲಿಯಲ್ಲೇ ದೋಸೆ ಮಾರುವ ದೋಸೆಯವರ ಒಲೆ. ದಿನವೂ ಒಲೆ ಹಚ್ಚುವ ಮೊದಲು ಅವರು ಸಟ್ಟುಗದ ಹಿಡಿಯಿಂದ ಕಂಬ ಕುಟ್ಟಿ ಕಿವಿಯಿಡುತ್ತಿದ್ದರು, ಗೆದ್ದಲು ತಿಂದು ಒಳಗೆ ಟೊಳ್ಳಾಗಿದೆಯೇನೋ ಎಂಬ ಭಯಕ್ಕೆ. ನಾನು ತಲೆಯೆತ್ತಿ ಕೆತ್ತನೆ ನೋಡುತ್ತಾ ಕೂತರೆ, "ಮೊದ್ಲು ತಿನ್ನಪ್ಪಾ, ಕಂಬ ಎಲ್ಲೂ ಓಡೋಗಲ್ಲ" ಎನ್ನುವರು.

ಕಂಬ ಕಿರುಗುಟ್ಟಿದ ಆ ಬೆಳಗ್ಗೆ "ಏಳ್ಲೇ, ಕಂಬ ಹೊರ್ಟಿದೆ!" ಎಂದವರೇ ನನ್ನ ಕಾಲರ್ ಹಿಡಿದು ಬೀದಿಗೆ ಎಳೆದರು. ನಾನು ಕೂತಿದ್ದ ಜಾಗಕ್ಕೇ ಚಾವಣಿ ಬಿತ್ತು. ಅವರ ಒಲೆ ಹೂತುಹೋಯಿತು. ನನ್ನ ಕೈಯಲ್ಲಿ ಉಳಿದಿದ್ದ ದೋಸೆಯ ತುಂಡು ನೋಡಿ, "ಖಾರ ಸರಿಯಿತ್ತಾ?" ಎಂದರು.

ಎಷ್ಟೋ ವಾರ ಆ ಕಿರುಗುಟ್ಟುವ ಸದ್ದು ಕೇಳಿದಂತಾಗಿ ನಿದ್ದೆಯಿಂದ ಎದ್ದು ಕೂರುತ್ತಿದ್ದೆ. ಅವರು ಕಲ್ಲಿನ ಕಂಬ ನಿಲ್ಲಿಸಿ ಮತ್ತೆ ಒಲೆ ಹೂಡಿದ ದಿನ ಹೋದೆ. ಕಲ್ಲನ್ನೂ ಕುಟ್ಟಿ ಕಿವಿಯಿಟ್ಟರು. ಆಮೇಲೆ ಸಟ್ಟುಗವನ್ನು ನನ್ನ ಕೈಗೆ ಕೊಟ್ಟರು. ನಾನೂ ಕುಟ್ಟಿ ಕಿವಿಯಿಟ್ಟೆ. ಅಂದು ರಾತ್ರಿ ಬೆಳಗಾಗುವವರೆಗೂ ನಿದ್ದೆ ಮಾಡಿದೆ.